ಧರ್ಮಕೇಂದ್ರದ ಅಂಗಳದಲ್ಲಿ ನಗೆ
(ಕೃಷ್ಣಾ-ಘಟಪ್ರಭಾ ಸೀಮೆಯ ಸಭಾಜೀವನದ ಕೆಲವು ಪುಟಗಳು)

ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡ ಓದುಗರು ಅದರಲ್ಲಿ ಏನೇನಿರುತ್ತದೆಂಬುದನ್ನು ಮೊದಲೇ ಬಲ್ಲರು. ಅಸ್ತಿಭಾರದ ಕಲ್ಲು, ಗಂಟೆಗೋಪುರ, ವಿಚಾರಣೆ ಗುರುಗಳ ಹೆಸರಿನ ಪಟ್ಟಿ, ದಾನಿಗಳ ಭಾವಚಿತ್ರ, ಜ್ಞಾನಸ್ನಾನ ಹಾಗೂ ವಿವಾಹಗಳ ಲೆಕ್ಕ, ಇವೆಲ್ಲವೂ ಇರಬೇಕಾದವುಗಳೇ. ಆದರೆ ದಫ್ತರದಲ್ಲಿ ದಾಖಲಾಗದ ಇನ್ನೊಂದು ಚರಿತ್ರೆ ಪ್ರತಿಯೊಂದು ಧರ್ಮಕೇಂದ್ರಕ್ಕೂ ಉಂಟು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಜನ ಆಡುವ ಮಾತು, ಹಬ್ಬದ ಹಿಂದಿನ ರಾತ್ರಿ ತೋರಣ ಕಟ್ಟುವಾಗ ಹುಟ್ಟುವ ಹಾಸ್ಯ, ಮದುವೆಯ ಪಂಕ್ತಿಯ ಪರಿಹಾಸ್ಯ ಇವೇ ಆ ಚರಿತ್ರೆಯ ಪುಟಗಳು. ಅಂತಹ ಕೆಲವು ಪುಟಗಳನ್ನು ಇಲ್ಲಿ ತೆರೆದಿಡುವುದು ಈ ಲೇಖನದ ಉದ್ದೇಶ.

ನಗೆಗೆ ಧರ್ಮಸಭೆಯಲ್ಲಿ ಸ್ಥಾನವುಂಟೇ?

ದೇವಾಲಯದ ವಿಷಯ ಬರೆಯುವಾಗ ಹಾಸ್ಯದ ಮಾತೇಕೆ ಎಂದು ಹಿರಿಯರು ಕೇಳಬಹುದು. ಅವರಿಗೆ ಉತ್ತರವನ್ನು ಪವಿತ್ರ ಗ್ರಂಥವೇ ಕೊಡುತ್ತದೆ. ಮುಪ್ಪಿನಲ್ಲಿ ಮಗುವಾಗುವುದೆಂಬ ಮಾತನ್ನು ಕೇಳಿ ಸಾರಾ ನಕ್ಕಳು. ಹುಟ್ಟಿದ ಮಗನಿಗೆ ಇಸಾಕನೆಂದು ಹೆಸರಾಯಿತು. ಆ ಹೆಸರಿನ ಅರ್ಥವೇ ನಗುವವನು ಎಂದು. ದೇವರ ವಾಗ್ದಾನದ ಮೊದಲ ಫಲಕ್ಕೆ ನಗೆಯ ಹೆಸರು ಇಟ್ಟಿರುವಾಗ ನಾವು ಮೋರೆ ಗಂಟಿಕ್ಕಿ ಕೂಡುವುದು ತರವಲ್ಲ.

ಮಧ್ಯಯುಗದ ಜರ್ಮನ್ ಸೀಮೆಗಳಲ್ಲಿ ಪಾಸ್ಖ ಹಬ್ಬದ ದಿನ ಗುರುಗಳು ಪ್ರಸಂಗದ ನಡುವೆ ನಗೆಚಾಟಿಕೆ ಹೇಳಿ ಜನರನ್ನು ನಗಿಸುವ ರೂಢಿಯಿತ್ತು. ಮರಣವು ಸೋತ ದಿನ ಭಕ್ತರು ನಗದೆ ಇನ್ನಾವಾಗ ನಗಬೇಕೆಂಬುದು ಅದರ ಭಾವ. ಹಾಸ್ಯವು ಮಿತಿಮೀರಿದಾಗ ಅದನ್ನು ತಡೆದವರೂ ಉಂಟು. ರೋಮಾಪುರಿಯ ಸಂತ ಫಿಲಿಪ್ ನೇರಿಯವರು (1515-1595) ಜನರು ತಮ್ಮನ್ನು ಸಂತರೆಂದು ಹೊಗಳತೊಡಗಿದಾಗ ಗಡ್ಡದ ಅರ್ಧ ಭಾಗವನ್ನಷ್ಟೇ ಬೋಳಿಸಿಕೊಂಡು ಬೀದಿಯಲ್ಲಿ ನಡೆದರು. ಇಂಗ್ಲೆಂಡಿನ ಸಂತ ಥಾಮಸ್ ಮೋರರು 1535ರಲ್ಲಿ ವಧಾಸ್ಥಾನದ ಮೆಟ್ಟಿಲೇರುವಾಗಲೂ, ಹತ್ತಲು ಕೈಕೊಡಿ, ಇಳಿಯುವ ಚಿಂತೆ ನನಗಿರಲಿ ಎಂಬರ್ಥದ ಮಾತನ್ನಾಡಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ನಮ್ಮ ಕಾಲದಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು 2024ರ ಜೂನ್ 14ರಂದು ನಾನಾ ದೇಶಗಳ ನೂರಕ್ಕೂ ಹೆಚ್ಚು ಹಾಸ್ಯಗಾರರನ್ನು ವ್ಯಾಟಿಕನ್ನಿಗೆ ಕರೆಸಿ ಗೌರವಿಸಿದ್ದುಂಟು. ನಾವು ಪ್ರೀತಿಸುವವರೊಡನೆ ವಿನೋದವಾಡುವಂತೆ ದೇವರೊಡನೆಯೂ ಆಡಬಹುದೆಂದು ಅವರು ಅಂದು ತಿಳಿಸಿದರು.

ನಾಲ್ಕು ಸೀಮೆಯ ಜನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಈ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಇಂದು ಸುಲಭ. ಹಿಂದೆ ಹಾಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನ ಮನೆತನದವರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಅಕ್ಕಪಕ್ಕದಲ್ಲಿದ್ದು ಒಂದೇ ನೂಲನ್ನು ನೇಯುತ್ತಿದ್ದ ಎರಡು ಊರುಗಳಲ್ಲಿ ರಬಕವಿಯು ಸಾಂಗ್ಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ನೆರೆಯವನ ಮನೆಗೆ ಬೆಂಕಿ ಕೇಳಲು ಹೋದವನು ಒಂದು ಸಂಸ್ಥಾನವನ್ನೇ ದಾಟಿಹೋದಂತಾಗುತ್ತಿತ್ತು! 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಕನ್ನಡ ನಾಡಿಗೆ ಸೇರಿದವು. 1997ರಲ್ಲಿ ಬಾಗಲಕೋಟೆ ಜಿಲ್ಲೆ ರೂಪುಗೊಂಡಿತು.

ಕ್ರೈಸ್ತ ಧರ್ಮಕ್ಕೂ ಈ ಭಾಗದಲ್ಲಿ ಹಳೆಯ ನಂಟಿದೆ. ಪೂರ್ವಕ್ಕಿರುವ ಮುದಗಲ್ಲಿನಲ್ಲಿ ಯೇಸುಸಭೆಯ ಗುರುಗಳು 1557ಕ್ಕೆ ಮುಂಚೆಯೇ ದೇವಾಲಯ ಕಟ್ಟಿದ್ದರೆಂದು ಗೆಜೆಟಿಯರು ಹೇಳುತ್ತದೆ. ನಮ್ಮ ಪ್ರೊಟೆಸ್ಟಂಟ್ ಸಹೋದರರ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂದಿತು. ಗೋವೆಯ ಮಹಾಧರ್ಮಪ್ರಾಂತ್ಯ ಮತ್ತು ಪುಣೆಯ ಧರ್ಮಪ್ರಾಂತ್ಯಗಳ ಭಾಗಗಳನ್ನು ಕೂಡಿಸಿ 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು.

ಇಂತಹ ಸೀಮೆಯ ಒಂದು ಸಣ್ಣ ಸಭೆಯಲ್ಲಿ ಯಾರೆಲ್ಲ ಕೂಡುತ್ತಾರೆಂಬುದನ್ನು ನೋಡಬೇಕು. ತಲೆಮಾರುಗಳಿಂದ ಇಲ್ಲಿಯೇ ಉಳುಮೆ, ಕೂಲಿ, ಕಸುಬುಗಳಲ್ಲಿ ಇರುವ ಕನ್ನಡಿಗರು, ಶಾಲೆ, ಆಸ್ಪತ್ರೆ, ಸಕ್ಕರೆ ಕಾರಖಾನೆಗಳ ಕೆಲಸಕ್ಕೆ ಬಂದ ಕೊಂಕಣಿ, ತಮಿಳು, ಮಲೆಯಾಳ ಮಾತಿನವರು, ಗಡಿಯ ಮರಾಠಿಗರು. ಇಷ್ಟು ನುಡಿಗಳು ಒಂದೇ ಚಾಪೆಯ ಮೇಲೆ ಕುಳಿತಾಗ ಭಕ್ತಿಯ ಜೊತೆಗೆ ನಗೆಯೂ ಹುಟ್ಟದೆ ಇರದು.

ಮೀಸೂ ಮೀಸೆಯೂ

ಪೋರ್ಚುಗೀಸರ 'ಇಗ್ರೇಜ' ನಮ್ಮಲ್ಲಿ ಇಗರ್ಜಿಯಾಯಿತು; ಅವರ 'ಪಾದ್ರೆ' ಪಾದ್ರಿಯಾದನು. ಪೂಜೆಗೆ ಅವರಿಟ್ಟ ಹೆಸರು ಕೊಂಕಣಿಯಲ್ಲಿ 'ಮೀಸ್' ಆಯಿತು. ಕೊಂಕಣಿ ಮಾತಿನ ತಾಯಿಯೊಬ್ಬಳು ಮುಂಜಾನೆ ಮೀಸ್ ಕೇಳಲು ಹೊರಟೆನೆಂದರೆ, ನೆರೆಮನೆಯ ಜಮಖಂಡಿಯ ಅಜ್ಜಿಯ ಕಿವಿಗೆ ಅದು 'ಮೀಸೆ'ಯೆಂದೇ ಕೇಳುತ್ತದೆ. "ಯಾರ ಮೀಸಿ ಕೇಳಾಕ ಹೊಂಟೀಯವಾ? ನಿಮ್ಮ ಫಾದರಗ ಬರೇ ಗಡ್ಡ ಐತಲ್ಲ!" ಎಂದು ಆಕೆ ಕೇಳಿದರೆ ತಪ್ಪು ಯಾರದು?

ಗುರುಗಳನ್ನು ಕರೆಯುವ ಮಾತಿನಲ್ಲಿಯೂ ಇಂತಹದೇ ಸೊಗಸಿದೆ. ನಮ್ಮ ಸೀಮೆಯ ಜನ ಮಠದ ಸ್ವಾಮಿಗಳನ್ನು 'ಅಪ್ಪಾರು' ಎಂದು ಕರೆಯುತ್ತಾರೆ. ನಾವು ಗುರುಗಳನ್ನು 'ಫಾದರ್' ಎನ್ನುತ್ತೇವೆ. ಮೈಸೂರು ಸೀಮೆಯಲ್ಲಿ ದುಡಿದು, ಸಾವಿರಾರು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದ ಫ್ರೆಂಚ್ ಗುರು ದ್ಯುಬುವಾರನ್ನು ಲೋಕವು 'ಅಬ್ಬೆ' ದ್ಯುಬುವಾ ಎನ್ನುತ್ತದೆ. ಆ 'ಅಬ್ಬೆ'ಯ ಮೂಲ ಯೇಸುಸ್ವಾಮಿಯ ತಾಯಿನುಡಿಯ 'ಅಬ್ಬಾ', ಅಂದರೆ ಅಪ್ಪ. ಹೀಗೆ ನಾಲ್ಕು ದಾರಿ ಸುತ್ತಿ ಬಂದರೂ ಎಲ್ಲರೂ ಸೇರಿದ್ದು ಅಪ್ಪನ ಮನೆಗೇ. ಫಾದರರನ್ನು 'ಅಪ್ಪಾರ' ಎಂದು ಕರೆದ ಹೊಲದ ಆಳು ತಪ್ಪಿ ಮಾತನಾಡಿದನೆಂದು ನಕ್ಕವರು, ಅವನ ಭಾಷಾಂತರವೇ ಸರಿಯಾದುದೆಂಬುದನ್ನು ಮರೆತಿದ್ದರು. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿಯುಟ್ಟು, ಸ್ನಾನಿಕ ಯೋವಾನ್ನರ ಹೆಸರಿನಲ್ಲಿ 'ಸ್ನಾನಿಕ ಅರುಳಪ್ಪನವರ ವಿರಕ್ತ ಮಠ'ವನ್ನು ಕಟ್ಟಿದಾಗ ಹಿಡಿದದ್ದೂ ಈ ದಾರಿಯನ್ನೇ.

ಲತೀನಿನ ಕಾಲದ ಮಾತಂತೂ ಬೇರೆಯೇ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೇಶಭಾಷೆಗಳಿಗೆ ಪೂಜಾವಿಧಿಯ ಬಾಗಿಲು ತೆರೆಯುವವರೆಗೂ ಪೀಠಬಾಲಕರು ಅರ್ಥವರಿಯದ ಉತ್ತರಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕಿತ್ತು. 'ಕಿರಿಯೆ' ಎಂದರೆ ಗ್ರೀಕಿನಲ್ಲಿ 'ಪ್ರಭುವೇ' ಎಂದರ್ಥ. ಕನ್ನಡದ ಮಗುವಿಗೆ ಅದು ಕಿರಿಯರನ್ನು ಕೂಗಿ ಕರೆದಂತೆ! ನಗಬಹುದು, ಆದರೆ ಒಂದು ಅಕ್ಷರವೂ ತಿಳಿಯದ ನುಡಿಯ ಮುಂದೆ ಜಪಮಾಲೆ ಹಿಡಿದು, ಹೊಲಕ್ಕೆ ಹೋಗುವ ಮುನ್ನ ಮೊಣಕಾಲೂರಿದ ಆ ಹಿರಿಯರ ವಿಶ್ವಾಸವು ನಗುವಂತಹುದಲ್ಲ. ಅವರು ತಾಳಿಕೊಂಡ ಮೌನದ ಮೇಲೆಯೇ ನಮ್ಮ ಇಂದಿನ ಕನ್ನಡ ಪೂಜೆ ನಿಂತಿದೆ.

ಗಂಡನ ಹೆಸರು

ಉತ್ತರ ಕರ್ನಾಟಕದಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ನೇರವಾಗಿ ಹೇಳುವಂತಿಲ್ಲವೆಂಬುದು ಹಳೆಯ ರೂಢಿ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೇಳಬೇಕು. ಆದರೆ ಧರ್ಮಸಭೆಯ ವಿವಾಹವಿಧಿಯು ಈ ಸಂಕೋಚವನ್ನು ಲೆಕ್ಕಿಸದು. 1563ರಲ್ಲಿ ತ್ರೆಂತ್ ಮಹಾಸಭೆಯು ವಿಧಿಸಿದಂತೆ ಗುರುಗಳ ಹಾಗೂ ಸಾಕ್ಷಿಗಳ ಮುಂದೆ ವಧೂವರರು ಒಪ್ಪಿಗೆ ಸೂಚಿಸಬೇಕು. ಒಪ್ಪಿಗೆಯ ಮಾತಿನಲ್ಲಿ ವಧುವು ವರನ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಹೆಸರು ಹೇಳದಿದ್ದರೆ ಗುರುಗಳು ಮುಂದುವರಿಯರು, ಹೇಳಿದರೆ ಅಜ್ಜಿ ಹುಬ್ಬು ಗಂಟಿಕ್ಕುವಳು! ಪಾಪ, ಆ ಹುಡುಗಿ ಪೀಠದ ಮುಂದೆ ತಲೆತಗ್ಗಿಸಿ, ಸೆರಗಿನ ತುದಿಗೆ ಮಾತ್ರ ಕೇಳುವಂತೆ ಹೆಸರನ್ನು ಉಸುರುವುದು. "ಇನ್ನೊಂದು ಸಲ ಜೋರಾಗಿ ಹೇಳಮ್ಮಾ" ಎಂದು ಗುರುಗಳು ಅನ್ನುವುದು. ಹಿಂದಿನ ಸಾಲಿನಲ್ಲಿ ಗೆಳತಿಯರ ನಗೆ ಸಿಡಿಯುವುದು.

ಮನೆಗೆ ಬಂದಮೇಲೆ ಒಡಪಿನ ಸರದಿ. ಹೊಸಿಲ ಮೇಲೆ ತಡೆದು ನಿಲ್ಲಿಸಿದ ನಾದಿನಿಯರ ಮುಂದೆ ಅದೇ ಹುಡುಗಿ ಈಗ ಧೈರ್ಯದಿಂದ,

"ಮುಧೋಳ ಬೆಲ್ಲ, ಬೀಳಗಿ ಶೇಂಗಾ,
ಜೋಸೆಪ್ಪರ ಕೂಡ ಬಾಳೇನಿ ಹೀಂಗ"

ಎಂಬ ಧಾಟಿಯಲ್ಲಿ ಹೇಳಿ ಒಳಗೆ ಬರಬಹುದು. ನಗೆಯನ್ನು ಬದಿಗಿಟ್ಟು ನೋಡಿದರೆ ಇಲ್ಲೊಂದು ಗಂಭೀರವಾದ ವಿಷಯವಿದೆ. ಹೆಣ್ಣಿನ ಸ್ವಂತ ಬಾಯಿಂದ ಬಂದ ಒಪ್ಪಿಗೆಯಿಲ್ಲದೆ ಮದುವೆಯೇ ಇಲ್ಲವೆಂಬುದು ಧರ್ಮಸಭೆಯ ನಿಲುವು. ನಾಚಿಕೆಯಿಂದ ತಡವರಿಸಿದ ಆ ಒಂದು ಹೆಸರಿನಲ್ಲಿ ಅವಳ ಸ್ವಾತಂತ್ರ್ಯ ಅಡಗಿತ್ತು.

ಹರಾಜಿನ ಹುಂಜ

ಸುಗ್ಗಿಯ ಕಾಲದಲ್ಲಿ ಮೊದಲ ಫಲವನ್ನು ದೇವರಿಗೆ ಅರ್ಪಿಸುವುದು, ಪೂಜೆಯ ನಂತರ ಅದನ್ನು ಹರಾಜು ಹಾಕುವುದು ಅನೇಕ ಸಭೆಗಳಲ್ಲಿರುವ ಸಂಪ್ರದಾಯ. ನಮ್ಮ ಸೀಮೆಯಲ್ಲಿ ಪೀಠದ ಮುಂದೆ ಜೋಳದ ತೆನೆ, ಕಬ್ಬಿನ ಜಲ್ಲೆ, ಮಹಾಲಿಂಗಪುರದ ಪೇಟೆಗೆ ಹೋಗಬೇಕಾದ ಬೆಲ್ಲದ ಪೆಂಟೆ, ಕುಂಬಳಕಾಯಿ, ಕಾಲು ಕಟ್ಟಿದ ಒಂದು ಹುಂಜ ಇದ್ದರೆ ಸೋಜಿಗವಿಲ್ಲ. ಹುಂಜವು ಗುರುಗಳ ಪ್ರಸಂಗದ ನಡುವೆ ಕೂಗಿದರೆ ಸಂತ ಪೇತ್ರರ ನೆನಪಾಗಿ ಸಭೆಯೇ ಬೆಚ್ಚುತ್ತದೆ. ಹರಾಜಿನಲ್ಲಿ ಅದನ್ನು ಕೊಂಡವನು ಮತ್ತೆ ದೇವಾಲಯಕ್ಕೇ ಬಿಟ್ಟುಕೊಡುತ್ತಾನೆ. ಅದು ಎರಡನೆಯ ಸಲ, ಮೂರನೆಯ ಸಲ ಹರಾಜಾಗುತ್ತದೆ. ಬೆಲೆ ಏರಿದಂತೆಲ್ಲ ಕೂಗುವವನ ಉತ್ಸಾಹವೂ ಏರುತ್ತದೆ. ಕಡೆಗೆ ಹುಂಜದ ಆಯುಷ್ಯ ಒಂದು ದಿನ ಹೆಚ್ಚುತ್ತದೆ, ದೇವಾಲಯದ ಹೆಂಚಿಗೆ ಹಣವಾಗುತ್ತದೆ. ಬಡ ಸಭೆಯೊಂದು ಭಿಕ್ಷೆ ಬೇಡದೆ, ನಗುನಗುತ್ತಲೇ ತನ್ನ ಸೂರನ್ನು ತಾನೇ ಕಟ್ಟಿಕೊಳ್ಳುವ ಬಗೆಯಿದು.

ಬಾಗಿಲಲ್ಲಿ ಬಿಟ್ಟ ಚಪ್ಪಲಿ

1969ರ ಏಪ್ರಿಲ್‌ನಲ್ಲಿ ಭಾರತದ ಪೂಜಾವಿಧಿಗಾಗಿ ರೋಮಾಪುರಿಯು ಹನ್ನೆರಡು ಅಂಶಗಳಿಗೆ ಒಪ್ಪಿಗೆಯಿತ್ತಿತು. ನೆಲದ ಮೇಲೆ ಕೂಡುವುದು, ಕೈಮುಗಿದು ವಂದಿಸುವುದು, ಆರತಿ ಬೆಳಗುವುದು, ಪಾದರಕ್ಷೆ ಕಳಚುವುದು ಮುಂತಾದವು ಅದರಲ್ಲಿದ್ದವು. ಹಳ್ಳಿಯವರಿಗೆ ಇದೇನೂ ಹೊಸದಲ್ಲ. ಅವರು ಎಂದೂ ಚಪ್ಪಲಿ ಮೆಟ್ಟಿ ದೇವರ ಮುಂದೆ ನಿಂತವರಲ್ಲ. ನಮ್ಮ ಸೀಮೆಯ ತೊಡಕು ಬೇರೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಯ ನಾಡುಗಳ ಪಟ್ಟಿಯಲ್ಲಿ ಬಾಗಲಕೋಟೆ ಜಿಲ್ಲೆಯೂ ಸೇರಿದೆ. ಒಂದೇ ಬಣ್ಣದ, ಒಂದೇ ಬಗೆಯ ನೂರು ಜೋಡು ಬಾಗಿಲಲ್ಲಿ ಬಿದ್ದಿರುವಾಗ, ಪಾಪನಿವೇದನೆ ಮಾಡಿ ಹಗುರವಾಗಿ ಹೊರಬಂದವನು ಇನ್ನೊಬ್ಬನ ಜೋಡು ಮೆಟ್ಟಿ ಹೊಸ ಪಾಪವನ್ನು ಕಟ್ಟಿಕೊಂಡು ನಡೆಯುವುದು ಅಪರೂಪವಲ್ಲ!

ಈ ನಗೆ ಇಲ್ಲಿಗೇ ನಿಲ್ಲಬಾರದು. ಆ ಚಪ್ಪಲಿಯನ್ನು ಹೊಲಿದ ಕೈ ಯಾವುದು? ಊರ ಹೊರಗೆ ಇಡಲ್ಪಟ್ಟ, ತಾನು ಹೊಲಿದ ಜೋಡನ್ನು ಮೆಟ್ಟಿ ಊರೊಳಗೆ ನಡೆಯಲಾಗದಿದ್ದ ಜನರ ಕೈ ಅದು. ಕೂಡಿ ನಗುವುದು ಬೇರೆ, ನೋಡಿ ನಗುವುದು ಬೇರೆ. ನಮ್ಮ ಅಂಗಳಗಳಲ್ಲಿ ಎರಡೂ ನಡೆದಿವೆಯೆಂದು ಒಪ್ಪಬೇಕು. ಒಬ್ಬನ ಕೇರಿಯ ಹೆಸರು, ಅವನ ಮಾತಿನ ಧಾಟಿ, ದಾಖಲೆಗೊಂದು ಜ್ಞಾನಸ್ನಾನಕ್ಕೊಂದು ಎಂದು ಅವನಿಗಿರುವ ಎರಡು ಹೆಸರುಗಳು ಇತರರ ಪರಿಹಾಸ್ಯಕ್ಕೆ ಗುರಿಯಾದದ್ದುಂಟು. ಆ ಎರಡು ಹೆಸರುಗಳ ಹಿಂದೆ ಕಾನೂನಿನ ಕಥೆಯಿದೆ. 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸೌಲಭ್ಯಗಳು ಹಿಂದೂಗಳಿಗೆ ಮೀಸಲಾದವು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲ್ಪಟ್ಟವು. ದಲಿತ ಕ್ರೈಸ್ತರು ಹೊರಗುಳಿದರು. ಮಕ್ಕಳ ಓದಿಗಾಗಿ ಎರಡು ಹೆಸರು ಹೊತ್ತ ತಂದೆಯನ್ನು ನೋಡಿ ನಗುವವನು ಅವನ ಹೊರೆಯನ್ನು ಕಂಡವನಲ್ಲ. ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗಿನ ಭೇದವನ್ನು ಪಾಪವೆಂದು ಕರೆಯಿತು. ನಗೆಯ ಚರಿತ್ರೆ ಬರೆಯುವಾಗ ಈ ಪುಟವನ್ನು ಹರಿದು ಹಾಕುವುದು ಪ್ರಾಮಾಣಿಕತೆಯಲ್ಲ.

ನೀರು ಏರಿದಾಗ

ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಸ್ತಿಭಾರ ಬಿದ್ದದ್ದು 1964ರಲ್ಲಿ. ಹಿನ್ನೀರು ಏರಿದಂತೆ ಬೀಳಗಿ ಸೀಮೆಯ ಹಳ್ಳಿಗಳೂ ಬಾಗಲಕೋಟೆಯ ಹಳೆಯ ಊರಿನ ಭಾಗವೂ ಮುಳುಗಿದವು. ಜನರು ಪುನರ್ವಸತಿ ಕೇಂದ್ರಗಳಿಗೆ ಚದುರಿದರು. ಹಾಸನದ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನ ನಡುವೆ ನಿಂತ ಹಳೆಯ ಜಪಮಾಲೆ ಮಾತೆಯ ದೇವಾಲಯವನ್ನು ನೋಡಿದವರಿಗೆ ಊರು ಮುಳುಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಕಲ್ಲು, ಮರ, ಗಂಟೆಗಳನ್ನು ಬಿಚ್ಚಿ ಸಾಗಿಸಬಹುದು, ಅಂಗಳವನ್ನು ಸಾಗಿಸಲಾಗದು. ಅಂಗಳದ ಪೈಕಿ ಜನರೊಡನೆ ಬರುವುದು ಕಥೆ ಮಾತ್ರ. ಸೆರೆಯಿಂದ ಮರಳಿದವರ ಬಾಯಿ ನಗೆಯಿಂದ ತುಂಬಿತ್ತೆಂದು ಕೀರ್ತನಕಾರನು ಹಾಡಿದ್ದು ಸುಖದಲ್ಲೇ ಬೆಳೆದವರನ್ನು ಕುರಿತಲ್ಲ, ಕಳೆದುಕೊಂಡು ಪಡೆದವರನ್ನು ಕುರಿತು.

ಆದುದರಿಂದ ಓದುಗ ಬಾಂಧವರಲ್ಲಿ ಒಂದು ವಿನಂತಿ. ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರ ಬಳಿ ಕುಳಿತು, ದೇವಾಲಯದ ಅಂಗಳದಲ್ಲಿ ಅವರು ನಕ್ಕ ಒಂದು ಸಂಗತಿಯನ್ನೂ, ನಗಲಾಗದೆ ನುಂಗಿಕೊಂಡ ಒಂದು ಸಂಗತಿಯನ್ನೂ ಕೇಳಿ ಬರೆದಿಡಲಿ. ಮಕ್ಕಳು ಬರೆಯಲಿ, ಅಜ್ಜಿಯರು ಹೇಳಲಿ. ಜ್ಞಾನಸ್ನಾನದ ದಫ್ತರದ ಪಕ್ಕದಲ್ಲಿ ಅಂತಹದೊಂದು ವಹಿಯೂ ಇದ್ದರೆ, ಇನ್ನೊಂದು ನೂರು ವರ್ಷಗಳ ನಂತರ ಸಂಚಿಕೆ ಹೊರತರುವವರಿಗೆ ನಮ್ಮ ಹೆಸರುಗಳ ಜೊತೆಗೆ ನಮ್ಮ ದನಿಯೂ ದೊರೆತೀತು. ಎಲ್ಲರೂ ಕೂಡಿ ನಗಬಲ್ಲ ಸಭೆಯನ್ನು ಪ್ರಭುವು ನಮಗೆ ದಯಪಾಲಿಸಲಿ.