ಪೋಲಿಯೋ ಲಸಿಕೆಯೂ ವೈರಸ್ಸಿನ ಪಾಠಭೇದಗಳೂ

ಪ್ರತಿಮಾಡುವವನ ಕೈತಪ್ಪಿನಿಂದ ಗ್ರಂಥಗಳಲ್ಲಿ ಪಾಠಭೇದಗಳು ಹುಟ್ಟುವುವೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಆಗಿದೆ. ಮಕ್ಕಳ ಕೈಕಾಲುಗಳ ಸ್ವಾಧೀನವನ್ನು ಅಪಹರಿಸುವ ಪೋಲಿಯೋ ವೈರಸ್ಸಿನ ಚರಿತ್ರೆಯೂ ಇದಕ್ಕೆ ಸದೃಶವಾದುದು. ಅದರ ಸಮಸ್ತ ಸ್ವರೂಪವು ಸುಮಾರು 7,440 ಅಕ್ಷರಗಳ ಒಂದೇ ಆರ್. ಎನ್. ಎ. ಎಳೆಯಲ್ಲಿ ಅಡಗಿದೆ, ನಾಲ್ಕು ಬಗೆಯ ರಾಸಾಯನಿಕ ಘಟಕಗಳೇ ಇಲ್ಲಿ ಅಕ್ಷರಗಳು. ಈ ಎಳೆಯನ್ನು ಪ್ರತಿಮಾಡುವ ಪಾಲಿಮರೇಸ್ ಎಂಬ ಕಿಣ್ವಕ್ಕೆ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಆದಕಾರಣ ಪ್ರತಿಯೊಂದು ಪ್ರತಿಯಲ್ಲಿಯೂ ಹೆಚ್ಚು ಕಡಿಮೆ ಒಂದು ಸ್ಖಾಲಿತ್ಯವು ನುಸುಳುವುದು.

1955ರಲ್ಲಿ ಸಾಲ್ಕರ ಮೃತವೈರಸ್ಸಿನ ಲಸಿಕೆಯು ಬಳಕೆಗೆ ಬಂದಿತು. ಅನಂತರ ಸೇಬಿನರು ಸಜೀವ ವೈರಸ್ಸನ್ನೇ ಸೌಮ್ಯಗೊಳಿಸಿ, ಬಾಯಿಯಲ್ಲಿ ಹನಿಯಾಗಿ ಹಾಕುವ ಲಸಿಕೆಯನ್ನು ಸಿದ್ಧಪಡಿಸಿದರು. ಇದು ಸುಲಭವೂ ಅಲ್ಪವ್ಯಯಸಾಧ್ಯವೂ ಆಗಿದ್ದುದರಿಂದ ಭೂಮಂಡಲವನ್ನೆಲ್ಲ ವ್ಯಾಪಿಸಿತು. ಆದರೆ ಆ ವೈರಸ್ಸು ಸೌಮ್ಯವಾದುದು ಯಾವ ಅಕ್ಷರದ ವ್ಯತ್ಯಾಸದಿಂದ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1981ರಲ್ಲಿ ವೈರಸ್ಸಿನ ಪೂರ್ಣಪಾಠವನ್ನು ಓದಿದ ಮೇಲೆ ಈ ರಹಸ್ಯವು ಬಯಲಾಗತೊಡಗಿತು. ಮೂರನೆಯ ಬಗೆಯ ಲಸಿಕೆಯನ್ನು ಅದರ ಮೂಲವಾದ ಲಿಯಾನ್ ತಳಿಯೊಡನೆ ಹೋಲಿಸಲಾಗಿ, ಕಂಡ ಭೇದಗಳು ಸುಮಾರು ಹತ್ತು ಮಾತ್ರ. ಅವುಗಳಲ್ಲಿ 472ನೆಯ ಸ್ಥಾನದ ಭೇದವು ಮುಖ್ಯವೆಂದು 1985ರಲ್ಲಿ ನಿರ್ಣಯವಾಯಿತು. ಅಲ್ಲಿ ಎಳೆಯು ತನ್ನ ಮೇಲೆ ತಾನೇ ಮಡಿಸಿಕೊಂಡು ಒಂದು ದಂಡವಾಗಿ ನಿಲ್ಲುವುದು. ಮೂಲದಲ್ಲಿದ್ದ 'ಸಿ' ಎಂಬುದು ಲಸಿಕೆಯಲ್ಲಿ 'ಯು' ಆದುದರಿಂದ ದಂಡದ ಬಂಧವು ಸಡಿಲವಾಗಿ, ವೈರಸ್ಸಿನ ಪ್ರೋಟೀನುಗಳ ಉತ್ಪತ್ತಿಯು ಕುಂದಿತ್ತು. ಆದರೆ ಲಸಿಕೆ ಪಡೆದ ಶಿಶುವಿನ ಕರುಳಿನಲ್ಲಿ ಕೆಲವೇ ದಿನಗಳೊಳಗೆ 'ಯು' ಮರಳಿ 'ಸಿ' ಆಗುತ್ತಿದ್ದಿತು!

ಎಲ್ಲ ಮಕ್ಕಳಿಗೂ ಲಸಿಕೆ ದೊರೆತ ಕಡೆ ಇದರಿಂದ ಹಾನಿಯಾಗುವುದು ಅತಿ ವಿರಳ. ದೊರೆಯದ ಕಡೆಯಲ್ಲಿಯಾದರೋ, ಲಸಿಕೆಯ ವೈರಸ್ಸು ಮಗುವಿನಿಂದ ಮಗುವಿಗೆ ಹರಡುತ್ತ ಪೂರ್ವದ ಕ್ರೌರ್ಯವನ್ನು ಪಡೆಯುವುದು. 2000-01ರಲ್ಲಿ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಲ್ಲಿ ಹೀಗೆಯೇ ಆಯಿತು. ಎರಡನೆಯ ಬಗೆಯ ನೈಸರ್ಗಿಕ ವೈರಸ್ಸು ಕಡೆಯದಾಗಿ ಕಂಡುದು 1999ರಲ್ಲಿ, ಭಾರತದ ಆಲಿಗಢದಲ್ಲಿ. ಅದು ನಿರ್ಮೂಲವಾಯಿತೆಂದು 2015ರಲ್ಲಿ ಘೋಷಿತವಾಗಿ, 2016ರ ಏಪ್ರಿಲ್‌ನಲ್ಲಿ ಆ ಬಗೆಯನ್ನು ಬಾಯಿಹನಿಯಿಂದ ತೆಗೆದುಹಾಕಲಾಯಿತು. ಆದರೂ ಲಸಿಕಾಜನ್ಯವಾದ ಎರಡನೆಯ ಬಗೆಯ ರೋಗವು ಆಫ್ರಿಕಾದಲ್ಲಿ ಮತ್ತೆ ಮತ್ತೆ ತಲೆದೋರಿತು. ಔಷಧವೇ ವ್ಯಾಧಿಯಾಗುವ ಈ ಸಂಕಟಕ್ಕೆ ಪರಿಹಾರವೇನು?

ವಿಜ್ಞಾನಿಗಳು ಪಾಠವನ್ನೇ ಮೂರು ವಿಧವಾಗಿ ಭದ್ರಪಡಿಸಿದರು. ಮೊದಲನೆಯದಾಗಿ, ಆ ದಂಡದ ಅಕ್ಷರಗಳನ್ನು 'ಎ-ಯು' ಜೋಡಿಗಳಾಗಿ ಮಾರ್ಪಡಿಸಿದರು. ಇಲ್ಲಿ ಒಂದಕ್ಷರ ಬದಲಾದರೆ ಬಂಧವು ಬಲಿಯಲಾರದು, ಬಲಿಯಬೇಕಾದರೆ ಜೋಡಿಯ ಎರಡಕ್ಷರಗಳೂ ಬದಲಾಗಬೇಕು. ಎರಡನೆಯದಾಗಿ, ಪ್ರತಿಮಾಡಲು ಅವಶ್ಯವಾದ ಒಂದು ಖಂಡವನ್ನು ಮೂಲಸ್ಥಾನದಲ್ಲಿ ನಿಷ್ಕ್ರಿಯಗೊಳಿಸಿ ಎಳೆಯ ಆದಿಭಾಗದಲ್ಲಿಯೇ ಇರಿಸಿದರು. ಅನ್ಯವೈರಸ್ಸಿನ ಆದಿಭಾಗವನ್ನು ಎರವಲು ತಂದುಕೊಂಡರೆ ಆ ಖಂಡವೂ ಕಳೆದುಹೋಗಿ ವಂಶವೇ ನಿಲ್ಲುವುದು. ಮೂರನೆಯದಾಗಿ, ತಪ್ಪುಗಳೂ ಸಂಕರವೂ ಕಡಿಮೆಯಾಗುವಂತೆ ಪಾಲಿಮರೇಸನ್ನೇ ತಿದ್ದಿದರು.

ಈ ನೂತನ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರಿನಲ್ಲಿ ತುರ್ತುಬಳಕೆಯ ಮನ್ನಣೆಯನ್ನೂ 2023ರ ಡಿಸೆಂಬರಿನಲ್ಲಿ ಪೂರ್ವಾರ್ಹತೆಯನ್ನೂ ನೀಡಿತು. ಆದರೆ 2023ರಲ್ಲಿಯೇ ಕಾಂಗೋ ಮತ್ತು ಬುರುಂಡಿಗಳಲ್ಲಿ ಇದರಿಂದಲೂ ಜನಿಸಿದ ರೋಗವು ಕಂಡುಬಂದಿತು. ಅಪಾಯವು ಬಹಳ ತಗ್ಗಿದೆ, ನಿಶ್ಶೇಷವಾಗಿಲ್ಲ. ಎಷ್ಟು ಶೋಧಿಸಿದ ಪಾಠವಾದರೂ ಪ್ರತಿಯಿಂದ ಪ್ರತಿಗೆ ಸಾಗುತ್ತಿರುವಾಗ ಕೆಡಬಹುದು. ಆ ಸರಣಿಯನ್ನು ಕಡಿಯುವ ಉಪಾಯವು ಒಂದೇ: ಊರಿನ ಒಂದು ಮಗುವೂ ಲಸಿಕೆಯಿಂದ ವಂಚಿತವಾಗದಂತೆ ನೋಡಿಕೊಳ್ಳುವುದು.