ಹತ್ತಿಯ ಕೆಲಸದ ಉಡುಪಿಗೆ ಮನೆಯಲ್ಲೇ ಮಳೆತಡೆ: ವಿಧಾನ, ಮಿತಿ, ಎಚ್ಚರಿಕೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು, ಮೂಟೆ ಹೊರುವ ಹಮಾಲರು, ಬಸ್ ನಿಲ್ದಾಣದ ಬಳಿ ಬಾಡಿಗೆಗೆ ಕಾಯುವ ಆಟೋ ಚಾಲಕರು ಮಳೆ ಬಂತೆಂದು ಕೆಲಸ ನಿಲ್ಲಿಸುವಂತಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿ.ಮೀ. ಮಳೆಯಾಗುತ್ತದೆ. ಅದರಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಪಾಲು ದೊಡ್ಡದು. ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟು ಮೈಮುರಿದು ದುಡಿದರೆ ಒಳಗಿನ ಬೆವರಿನಿಂದಲೇ ಮೈ ತೊಯ್ಯುತ್ತದೆ. ತೊಡದಿದ್ದರೆ ಹತ್ತಿಯ ಅಂಗಿ ನೆನೆದು ಭಾರವಾಗಿ ರಾತ್ರಿಯವರೆಗೂ ಒಣಗದು. ಮಲೆನಾಡಿನ ರೈತರು ಇದಕ್ಕೆ ಕಂಬಳಿಕೊಪ್ಪೆ ಮತ್ತು ಗೊರಬನ್ನು ಕಂಡುಕೊಂಡಿದ್ದರು. ನಗರದ ದುಡಿಮೆಗಾರರಿಗೆ ಹೊಂದುವ ಉಪಾಯವೆಂದರೆ ಹತ್ತಿಯ ಬಟ್ಟೆಗೇ ಮಳೆತಡೆಯ ಗುಣವನ್ನು ಕೊಡುವುದು.

ಹತ್ತಿ ನೀರನ್ನು ಹೀರುವುದೇಕೆ?

ಹತ್ತಿಯ ಎಳೆ ಸೆಲ್ಯುಲೋಸ್‌ನಿಂದಾದುದು. ಅದಕ್ಕೆ ನೀರಿನ ಆಕರ್ಷಣೆ ಹೆಚ್ಚು. ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ತಾನಾಗಿಯೇ ಹರಡುತ್ತದೆ. ಎಳೆಗಳ ಮೇಲೆ ಜಿಡ್ಡಿನ ತೆಳುವಾದ ಲೇಪ ಕೂತರೆ ಹನಿಗಳು ಹರಡದೆ ಉರುಳಿ ಬೀಳುತ್ತವೆ. ಸಂದುಗಳು ಮುಚ್ಚದಿದ್ದರೆ ಗಾಳಿಯಾಡುತ್ತದೆ, ಆದರೆ ಬಿರುಮಳೆಯಲ್ಲಿ ನೀರು ಒಳಬರುತ್ತದೆ. ಸಂದುಗಳೂ ಮುಚ್ಚಿದರೆ ನೀರು ಬಾರದು, ಬೆವರೂ ಹೊರಹೋಗದು. ಈ ಕೊಡುಕೊಳ್ಳುವಿಕೆಯನ್ನು ಅರಿತು ಕೆಲಸಕ್ಕೆ ತಕ್ಕ ವಿಧಾನವನ್ನು ಆರಿಸಿಕೊಳ್ಳಬೇಕು.

ಸಾಬೂನು ಮತ್ತು ಸ್ಫಟಿಕದ ವಿಧಾನ

ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸವರುವ ಸ್ಫಟಿಕವು ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುತ್ತದೆ. ಇದು ಅಲ್ಯೂಮಿನಿಯಂನ ಲವಣ. ಸಾಬೂನಿನ ಕೊಬ್ಬಿನಾಮ್ಲದೊಡನೆ ಸೇರಿದಾಗ ನೀರಿನಲ್ಲಿ ಕರಗದ ಅಲ್ಯೂಮಿನಿಯಂ ಸಾಬೂನು ಉಂಟಾಗಿ ಎಳೆಗಳಿಗೆ ಅಂಟಿಕೊಳ್ಳುತ್ತದೆ.

ಒಂದು ಜೊತೆ ಅಂಗಿ–ಪ್ಯಾಂಟಿಗೆ 250 ಗ್ರಾಂ ಬಟ್ಟೆ ಸಾಬೂನು ಮತ್ತು 125 ಗ್ರಾಂ ಸ್ಫಟಿಕ ಸಾಕು. ಮೊದಲು ಉಡುಪನ್ನು ಚೆನ್ನಾಗಿ ಒಗೆದು ಗಂಜಿ, ಎಣ್ಣೆಯ ಜಿಡ್ಡು ಹಾಗೂ ಪುಡಿಯ ಅಂಶ ಹೋಗುವಂತೆ ಜಾಲಿಸಬೇಕು. ತುರಿದ ಸಾಬೂನನ್ನು 4 ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದ್ದಿ, ದ್ರವ ಎಲ್ಲ ಕಡೆಗೂ ಇಳಿಯುವಂತೆ ಕಿವುಚಬೇಕು. ಜಾಲಿಸದೆ ಹಿಂಡಿ ಅರೆಬರೆ ಒಣಗಿಸಬೇಕು. ಬೇರೊಂದು ಬಕೆಟ್ಟಿನಲ್ಲಿ ಸ್ಫಟಿಕದ ಪುಡಿಯನ್ನು 4 ಲೀಟರ್ ಬಿಸಿನೀರಿಗೆ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಕನಿಷ್ಠ ಎರಡು ಗಂಟೆ ನೆನೆಯಿಡಬೇಕು. ಬಳಿಕ ಒಮ್ಮೆ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸುವುದು. ಸ್ಫಟಿಕದ ಹುಳಿ ಅಂಶ ಉಳಿದರೆ ಹತ್ತಿ ಕ್ರಮೇಣ ಬಲಗುಂದುವುದರಿಂದ ಕೊನೆಯ ಜಾಲಿಕೆಯನ್ನು ಬಿಡಬಾರದು.

ಈ ವಿಧಾನ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ. ಒಂದನೆಯದು, ಸಾಬೂನಿನ ಬದಲು ಡಿಟರ್ಜೆಂಟ್ ಬಳಸುವುದು. ಡಿಟರ್ಜೆಂಟ್ ಬಿಲ್ಲೆಯಲ್ಲಿ ಬೇಕಾದ ಕೊಬ್ಬಿನಾಮ್ಲ ಇರುವುದಿಲ್ಲ. ಆದ್ದರಿಂದ ಹೊದಿಕೆಯ ಮೇಲೆ ಸಾಬೂನೋ ಡಿಟರ್ಜೆಂಟೋ ಎಂಬುದನ್ನು ಓದಿ ಕೊಳ್ಳಬೇಕು. ಎರಡನೆಯದು, ಕೊಳವೆಬಾವಿಯ ಗಡಸು ನೀರು. ಅದರಲ್ಲಿ ಸಾಬೂನು ನೊರೆಯಾಗದೆ ಒಡೆದು ಬಿಳಿಯ ಕಲೆಯಾಗಿ ಕೂರುತ್ತದೆ. ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಉತ್ತಮ.

ಮೇಣದ ವಿಧಾನ

ಹೆಗಲು, ಬೆನ್ನು, ಟೋಪಿ ಮತ್ತು ಗಾಡಿಯ ಹೊದಿಕೆಗೆ ಮೇಣ ಹೆಚ್ಚು ಬಲವಾದ ತಡೆ. ಮೇಣದಬತ್ತಿಯ ಪ್ಯಾರಾಫಿನ್ ಒಂದನ್ನೇ ಹಚ್ಚಿದರೆ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ. ಎರಡು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಬೆರೆಸಿದರೆ ಬಾಗುತ್ತದೆ. ಮೇಣವನ್ನು ನೇರ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಮತ್ತೊಂದು ಪಾತ್ರೆಯಿಟ್ಟು ಕರಗಿಸಿ, ಅಚ್ಚಿಗೆ ಹೊಯ್ದು ತಣಿಸಬೇಕು. ಆ ಗಟ್ಟಿಯನ್ನು ಒಣಬಟ್ಟೆಯ ಹೊರಮೈಗೆ ಒತ್ತಿ ಉಜ್ಜಿ, ಮೇಲೆ ಹಳೆಯ ಬಟ್ಟೆ ಹಾಸಿ, ಕಡಿಮೆ ಕಾವಿನ ಇಸ್ತ್ರಿಪೆಟ್ಟಿಗೆಯನ್ನು ಆಡಿಸಿದರೆ ಮೇಣ ಎಳೆಗಳಿಗೆ ಇಳಿಯುತ್ತದೆ. ಕಂಕುಳು ಮತ್ತು ಕೊರಳಪಟ್ಟಿಯನ್ನು ಬಿಟ್ಟರೆ ಬೆವರಿಗೆ ದಾರಿಯಿರುತ್ತದೆ.

ಬೆಂಕಿಯ ಎಚ್ಚರಿಕೆ

ಮೇಣ ಹಚ್ಚಿದ ಬಟ್ಟೆ ಕಿಡಿ ತಗುಲಿದರೆ ಬತ್ತಿಯಂತೆ ಉರಿಯುತ್ತದೆ. ವೆಲ್ಡಿಂಗ್ ಮಾಡುವವರು, ಸಂಜೆ ಇದ್ದಿಲ ಒಲೆಯ ಮುಂದೆ ಕಬಾಬ್ ಸುಡುವವರು, ಟೀ ಅಂಗಡಿಯ ಸ್ಟೌ ಬಳಿ ನಿಲ್ಲುವವರು ಇದನ್ನು ತೊಡಲೇಬಾರದು. ಸಾಬೂನು–ಸ್ಫಟಿಕದ ಲೇಪಕ್ಕೂ ಬೆಂಕಿಯನ್ನು ತಡೆಯುವ ಗುಣವಿಲ್ಲ. ಮೇಣವನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಕರಗಿಸುವ ಹಳೆಯ ಪದ್ಧತಿ ಪ್ರಾಣಾಪಾಯದ್ದು. ಕಾದ ಮೇಣ ಹೊತ್ತಿಕೊಂಡರೆ ನೀರೆರಚದೆ, ಮುಚ್ಚಳದಿಂದ ಮುಚ್ಚಿ ಒಲೆಯನ್ನು ಆರಿಸಬೇಕು. ಅಗಸೆ ಎಣ್ಣೆ ಹಚ್ಚುವ ಪದ್ಧತಿಯೂ ಉಂಟು; ಆದರೆ ಆ ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆಮಾಡಿ ಒಗೆದರೆ ಅವು ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ಇಕ್ಕಟ್ಟಾದ ಮನೆಗಳಲ್ಲಿ ಇದನ್ನು ಮಾಡದಿರುವುದೇ ಲೇಸು.

ಪರೀಕ್ಷೆ ಮತ್ತು ಮಿತಿ

ಒಣಗಿದ ಬಟ್ಟೆಯ ಮೇಲೆ ನೀರು ಚಿಮುಕಿಸಿದಾಗ ಹನಿಗಳು ಮಣಿಯಂತೆ ನಿಂತರೆ ಲೇಪ ಸರಿಯಾಗಿದೆ. ಕಪ್ಪಾಗಿ ಇಂಗಿದ ಜಾಗಕ್ಕೆ ಮತ್ತೊಮ್ಮೆ ಮಾಡಬೇಕು. ಮೊದಲು ಹಳೆಯ ಬಟ್ಟೆಯ ತುಂಡಿನ ಮೇಲೆ ಪ್ರಯೋಗಿಸುವುದು ಕ್ಷೇಮ. ಡಿಟರ್ಜೆಂಟ್ ಹಾಕಿ ಒಗೆದಂತೆಲ್ಲ ಗುಣ ಕುಗ್ಗುವುದರಿಂದ, ಮಣ್ಣಾದಾಗ ಬ್ರಷ್‌ನಿಂದ ಕೊಡವಿ ತಣ್ಣೀರಿನಲ್ಲಿ ಒರೆಸುವುದು ವಾಸಿ. ಮೇಣದ ಬಟ್ಟೆಯನ್ನು ಬಿಸಿನೀರಿಗೆ ಹಾಕಬಾರದು.

ಹೀಗೆ ಸಿದ್ಧವಾದ ಉಡುಪು ತುಂತುರು ಮಳೆಯನ್ನೂ ಸಣ್ಣ ಹನಿಮಳೆಯನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಧಾರಾಕಾರ ಮಳೆಯಲ್ಲಿ ಹೊಲಿಗೆಯ ಸಾಲಿನಿಂದ ನೀರು ಇಳಿದೇ ಇಳಿಯುತ್ತದೆ. ವಿದ್ಯುತ್ ಆಘಾತದಿಂದಾಗಲಿ, ಚರಂಡಿ ನೀರಿನ ಸೋಂಕಿನಿಂದಾಗಲಿ, ಆಮ್ಲದಿಂದಾಗಲಿ ಇದು ಕಾಪಾಡದು. ಆದುದರಿಂದ ಪೌರಕಾರ್ಮಿಕರಿಗೆ ಮತ್ತು ವಿದ್ಯುತ್ ಕೆಲಸಗಾರರಿಗೆ ಕೆಲಸ ಕೊಟ್ಟವರು ಒದಗಿಸಬೇಕಾದ ರಕ್ಷಣಾ ಉಡುಪಿಗೆ ಮನೆಯ ಈ ಉಪಾಯ ಬದಲಿಯಾಗಲಾರದು. ತನ್ನ ಕೈಯಾರೆ ಗಾಡಿ ತಳ್ಳುವವನಿಗೆ ಮಾತ್ರ, ಹನಿ ಶುರುವಾದಾಗ ಸರಕಿಗೆ ಹೊದಿಕೆ ಎಳೆದು ಸೂರು ಸೇರುವಷ್ಟು ಹೊತ್ತು ಮೈ ಒಣಗಿರುವಂತೆ ಇದು ನೋಡಿಕೊಳ್ಳುತ್ತದೆ.