ಕೆಂಪು ಬಕೆಟ್ಟಿನ ಲೆಕ್ಕ

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಳ್ಳಾರಿಯ ಕೌಲ್‌ಬಜಾರ್ ಕಡೆ ಜೀನ್ಸ್ ಹೊಲಿಗೆಯ ಸಣ್ಣ ಘಟಕವೊಂದನ್ನು ತೆರೆದ. ಪೂಜೆಗೆ ಬರಲೇಬೇಕೆಂದು ಮನೆಗೆ ಬಂದು ಕರೆದದ್ದರಿಂದ ಹೋದೆ. ಎಂಟು ಯಂತ್ರಗಳು, ಸೂರಿನವರೆಗೆ ಪೇರಿಸಿದ ಬಟ್ಟೆಯ ಗಂಟುಗಳು. ಆ ಗಂಟುಗಳ ಹಿಂದೆ, ಕೈಗೆ ಎಟುಕದ ಮೂಲೆಯಲ್ಲಿ, ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರು ತೂಗುತ್ತಿತ್ತು.

“ಲೈಸೆನ್ಸಿಗೆ ಬೇಕಂದ್ರು ಸಾರ್, ತಂದು ಹಾಕೀನಿ,” ಎಂದ.

“ಹೆಂಗ ಬಳಸಬೇಕು ಗೊತ್ತೇನಪ್ಪ?” ಎಂದು ಕೇಳಿದೆ.

“ಅದನ್ನ ಯಾರೂ ಹೇಳಲಿಲ್ಲ ಸಾರ್,” ಎಂದು ನಕ್ಕ.

ನಾನೂ ನಕ್ಕೆನಾದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ನಾನೇ ಮಾಡಿದ ಒಂದು ತಪ್ಪು ಆ ಮಾತಿನ ಹಿಂದೆ ಬಂದು ನಿಂತಿತು. ಅದನ್ನು ಹೇಳುವುದಕ್ಕೆ ಮೊದಲು ಸ್ವಲ್ಪ ಚರಿತ್ರೆಯನ್ನು ನೋಡೋಣ.

ನಮ್ಮ ಸೀಮೆಗೂ ಬೆಂಕಿಗೂ ಇರುವ ಸಂಬಂಧ ಬಹಳ ಹಳೆಯದು. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ದೊಡ್ಡದೊಂದು ಬೂದಿದಿಬ್ಬವಿದೆ. ರಕ್ಕಸರನ್ನು ಸುಟ್ಟ ಬೂದಿಯೆಂದು ಹಿರಿಯರು ಹೇಳುತ್ತಿದ್ದರು. ನವಶಿಲಾಯುಗದ ದನಗಾಹಿ ಜನರು ಸಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಇಂಥ ದಿಬ್ಬಗಳು ಉಂಟಾದವೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅಂದರೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿಯ ಜನ ಬೆಂಕಿಯನ್ನು ಹಚ್ಚಿ, ಕಾದು, ಆರಲು ಬಿಡುವುದನ್ನು ಬಲ್ಲವರಾಗಿದ್ದರು. ಹಚ್ಚದೆ ಬಂದ ಬೆಂಕಿಯ ಪಾಠವನ್ನು ನೋಡಬೇಕಾದರೆ ಹಂಪಿಗೆ ಹೋಗಬೇಕು. 1565ರ ಯುದ್ಧದ ನಂತರ ಮರದ ಕಂಬ, ಮರದ ಮಾಳಿಗೆಗಳ ಅರಮನೆಗಳು ಸುಟ್ಟುಹೋದವು. ಉಳಿದದ್ದು ಕಲ್ಲಿನ ಜಗತಿಗಳು ಮಾತ್ರ.

ಆಮೇಲೆ ಬಂದದ್ದು ಹತ್ತಿಯ ಕಾಲ. ಬಳ್ಳಾರಿಯ ಹತ್ತಿ ಅರಳೆ ಕಾರ್ಖಾನೆಗಳಿಗೆ ಬಂದು, ಅಲ್ಲಿಂದ ಬೇಲುಗಳಾಗಿ ರೈಲು ಹತ್ತುತ್ತಿತ್ತು. ಹತ್ತಿಯ ಬೆಂಕಿ ಕಪಟಿ. ಕಾಳಿನ ಜೊತೆಗೆ ಸಣ್ಣದೊಂದು ಮೊಳೆಯೋ ಕಲ್ಲೋ ಯಂತ್ರದೊಳಗೆ ಹೋದರೆ ಸಾಕು, ಕಿಡಿ ಹಾರುತ್ತದೆ. ಬಿಗಿಯಾಗಿ ಒತ್ತಿದ ಬೇಲಿನ ಹೊರಗೆ ನೀರು ಸುರಿದರೂ ಒಳಗೆ ಕೆಂಡ ದಿನಗಟ್ಟಲೆ ಹೊಗೆಯಾಡುತ್ತಿರುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಸಿಡಿದಾಗ ಅದರೊಳಗೆ ಸಿಡಿಮದ್ದಿನ ಜೊತೆಯಲ್ಲಿ ಇದ್ದದ್ದು ಇದೇ ಹತ್ತಿಯ ಬೇಲುಗಳು. ನೂರಾರು ಜನ ಸತ್ತರು; ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರೂ ಅನೇಕರು ಮಡಿದರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುವುದು ಅವರ ನೆನಪಿಗಾಗಿ.

ಕಾನೂನು ಬಂದದ್ದೂ ಇಂಥ ಅನುಭವಗಳ ಬೆನ್ನಿಗೆ. 1948ರ ಕಾರ್ಖಾನೆಗಳ ಕಾಯಿದೆಯ 38ನೆಯ ಕಲಮಿನ ಮೂಲ ಪಾಠ ಬಹಳ ಸರಳವಾಗಿತ್ತು: ಕೋಣೆಯೊಳಗೆ ಜನರಿರುವಾಗ ಹೊರಹೋಗುವ ಬಾಗಿಲನ್ನು ಒಳಗಿನಿಂದ ತಕ್ಷಣ ತೆರೆಯಲಾಗದಂತೆ ಬೀಗ ಹಾಕಕೂಡದು, ಜಾರುಬಾಗಿಲನ್ನು ಬಿಟ್ಟು ಉಳಿದ ಬಾಗಿಲುಗಳು ಹೊರಮುಖವಾಗಿ ತೆರೆಯಬೇಕು. ಆಗ ಬಳ್ಳಾರಿ ಇನ್ನೂ ಮದರಾಸಿನ ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1964ರಲ್ಲಿ ರಾಜ್ಯದ ಅಗ್ನಿಶಾಮಕ ದಳದ ಕಾಯಿದೆ ಬಂತು. ಬೆಂಕಿಯ ಅಪಾಯವಿರುವ ಕಟ್ಟಡಗಳ ಒಡೆಯರು ಮುಂಜಾಗ್ರತೆ ವಹಿಸಬೇಕೆಂದು ಆಜ್ಞಾಪಿಸುವ ಅಧಿಕಾರ ಅದರಿಂದ ಸರ್ಕಾರಕ್ಕೆ ದೊರೆಯಿತು.

ಇನ್ನು ಆ ಕೆಂಪು ಸಿಲಿಂಡರಿನ ಕಥೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾರ್ಜ್ ಮ್ಯಾನ್ಬಿ ಎಂಬಾತ ತಾಮ್ರದ ಪಾತ್ರೆಯೊಂದರಲ್ಲಿ ಕ್ಷಾರದ ದ್ರಾವಣ ತುಂಬಿ, ಗಾಳಿಯ ಒತ್ತಡದಿಂದ ಅದು ಚಿಮ್ಮುವಂತೆ ಮಾಡಿದ. ಆ ಕ್ಷಾರವನ್ನು ತೆಗೆಯುತ್ತಿದ್ದುದು ಕಟ್ಟಿಗೆಯ ಬೂದಿಯಿಂದ! ಬೆಂಕಿ ಬಿಟ್ಟುಹೋದದ್ದರಿಂದಲೇ ಬೆಂಕಿಗೆ ಮದ್ದು. ಅನಂತರ ಬಂದದ್ದು ಸೋಡಾ-ಆಮ್ಲದ ನಂದಕ. ತಲೆಕೆಳಗು ಮಾಡಿದರೆ ಗಂಧಕಾಮ್ಲವು ಅಡುಗೆ ಸೋಡಾದ ದ್ರಾವಣದೊಡನೆ ಬೆರೆತು ಇಂಗಾಲದ ಡೈ ಆಕ್ಸೈಡ್ ಉಂಟಾಗಿ, ಅದರ ಒತ್ತಡಕ್ಕೆ ನೀರು ಚಿಮ್ಮುತ್ತಿತ್ತು. ಈ ಪಾಠವನ್ನು ನಾನು ವರ್ಷವರ್ಷವೂ ಮಾಡಿದ್ದೇನೆ. ಚಿತ್ರ ಬರೆಸಿದ್ದೇನೆ, ಐದು ಅಂಕದ ಪ್ರಶ್ನೆ ಕೊಟ್ಟಿದ್ದೇನೆ. ಆದರೆ ನಿಜವಾದ ನಂದಕವನ್ನು ಒಮ್ಮೆಯೂ ಮಕ್ಕಳ ಕೈಗೆ ಕೊಡಲಿಲ್ಲ. ನಮ್ಮಲ್ಲಿ ಅದು ಇರಲೂ ಇಲ್ಲ.

ನಮ್ಮಲ್ಲಿದ್ದದ್ದು ನಾಲ್ಕು ಕೆಂಪು ಬಕೆಟ್ಟುಗಳು. ಇದು 1990ರ ದಶಕದ ಮಾತು. ಸಿರುಗುಪ್ಪ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪ್ರಯೋಗಾಲಯದ ಹೊಣೆ ನನ್ನದಾಗಿತ್ತು. ಇಲಾಖೆಯ ತಪಾಸಣೆ ಹತ್ತಿರ ಬಂದಾಗ ದಾಸ್ತಾನು ಪುಸ್ತಕದಲ್ಲಿ ‘ಮರಳು ತುಂಬಿದ ಬಕೆಟ್ಟು ನಾಲ್ಕು, ಸುಸ್ಥಿತಿಯಲ್ಲಿವೆ’ ಎಂದು ಬರೆದು ಸಹಿ ಹಾಕಿದೆ. ಎದ್ದು ಹೋಗಿ ನೋಡಲಿಲ್ಲ. ತಪಾಸಣೆಗೆ ಬಂದವರೂ ಪುಸ್ತಕವನ್ನು ನೋಡಿದರೇ ಹೊರತು ಬಕೆಟ್ಟನ್ನು ನೋಡಲಿಲ್ಲ.

ಕೆಲವು ವಾರಗಳ ನಂತರ ಮಧ್ಯಾಹ್ನದ ಪ್ರಯೋಗದ ವೇಳೆಯಲ್ಲಿ ಸ್ಪಿರಿಟ್ ದೀಪವೊಂದು ಉರುಳಿತು. ಹುಡುಗನೊಬ್ಬನ ಅಂಗಿಯ ತೋಳಿಗೆ ಬೆಂಕಿ ಹತ್ತಿತು. ನಾನು ಬಕೆಟ್ಟಿನ ಕಡೆ ಓಡಿದೆ. ಸ್ಟ್ಯಾಂಡಿನಲ್ಲಿ ಎರಡೇ ಬಕೆಟ್ಟುಗಳಿದ್ದವು. ಒಂದರ ತಳ ತುಕ್ಕು ಹಿಡಿದು ತೂತಾಗಿತ್ತು. ಇನ್ನೊಂದರ ತುಂಬ ಕಾಗದದ ಚೂರು, ಸುಣ್ಣದ ಕಡ್ಡಿಯ ತುಣುಕುಗಳು. ಉಳಿದೆರಡು ಗಿಡಗಳಿಗೆ ನೀರು ಹಾಕಲು ಹೋಗಿದ್ದವಂತೆ. ಅಷ್ಟರಲ್ಲಿ ನಮ್ಮ ಜವಾನ ಬಾಗಿಲಲ್ಲಿ ಕಾಲೊರಸಲು ಹಾಸಿದ್ದ ಗೋಣಿಚೀಲವನ್ನು ಕುಡಿಯುವ ನೀರಿನ ತೊಟ್ಟಿಗೆ ಅದ್ದಿ ತಂದು ಹುಡುಗನ ತೋಳಿಗೆ ಸುತ್ತಿದ. ಬೆಂಕಿ ಆರಿತು. ಹುಡುಗ ಬದುಕಿದ, ಮುಂಗೈಯ ಕಲೆ ಮಾತ್ರ ಉಳಿಯಿತು. ಯಾರೂ ನನ್ನನ್ನು ಕೇಳಲಿಲ್ಲ. ಪುಸ್ತಕದ ಪ್ರಕಾರ ನಾಲ್ಕೂ ಸುಸ್ಥಿತಿಯಲ್ಲಿದ್ದವಲ್ಲ!

ಆ ರಾತ್ರಿ ನನಗೆ ನೆನಪಾದದ್ದು 1981ರ ಫೆಬ್ರವರಿ 7. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತಿದ್ದರು, ಬಹುಪಾಲು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ 62 ಜನ ಬಲಿಯಾದರು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಆಗ ಅಕ್ಷರ ದಾಸೋಹದ ಒಲೆಗಳು ಹೊತ್ತಿಕೊಂಡು ಎರಡು ವರ್ಷವಾಗಿತ್ತಷ್ಟೆ. ಆ ಸುದ್ದಿಯನ್ನು ಓದಿದ ದಿನ ಯಾವ ಶಿಕ್ಷಕನಿಗೂ ಅನ್ನ ಸೇರಿರಲಾರದು. ಆ ದುರಂತದ ಹಿನ್ನೆಲೆಯಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲಿನಲ್ಲಿ ಶಾಲೆಗಳಲ್ಲಿ ಅಗ್ನಿನಂದಕಗಳಿರಬೇಕು, ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿಯೂ ಇರಬೇಕು ಎಂದು ಆದೇಶಿಸಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ 9 ಜನ ಸತ್ತರು. ಅಲ್ಲಿ ಜ್ವಾಲೆಗಿಂತ ಹೊಗೆಯೇ ಯಮನಾಯಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು.

ಬಟ್ಟೆ ಹೊಲಿಯುವವರು ತಿಳಿಯಬೇಕಾದ ಇನ್ನೊಂದು ದಿನಾಂಕವಿದೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಯಲ್ಲಿ 146 ಜನ ಸತ್ತರು. ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಒಂದು ಕಡೆಯ ಬಾಗಿಲಿಗೆ ಬೀಗ ಹಾಕಲಾಗಿತ್ತು. ಕಾರಣ, ಕಳ್ಳತನದ ಭಯ. ಬಾಗಿಲಿಗೆ ಬೀಗ ಹಾಕಕೂಡದೆಂಬ ನಿಯಮದ ಹಿಂದೆ ಇಂಥ ಹೆಣಗಳಿವೆ.

ನಮ್ಮ ಕಡೆಯ ಅಪಾಯಗಳೂ ಬಗೆಬಗೆಯವು. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಮತ್ತು ದೂಳು. ಕುರುಗೋಡಿನ ಪೇಟೆಯ ಅಂಗಡಿಗಳಲ್ಲಿ ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ನಾಲ್ಕಾರು ವೈರುಗಳು. ಬಳ್ಳಾರಿಯಲ್ಲಿ ಬಟ್ಟೆಯ ಗಂಟುಗಳು. ಕಾಗದ, ಬಟ್ಟೆ, ಕಟ್ಟಿಗೆಯ ಬೆಂಕಿಗೆ ನೀರು ಆಗುತ್ತದೆ. ಎಣ್ಣೆಯ ಬೆಂಕಿಗೂ ವಿದ್ಯುತ್ತಿನ ಬೆಂಕಿಗೂ ನೀರು ಕೂಡದು. ಸಾಮಾನ್ಯ ಅಂಗಡಿಗೆ ಒಣಪುಡಿಯ ಎ.ಬಿ.ಸಿ. ನಂದಕ ಸಾಕು, ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಆಗಾಗ ನೋಡಬೇಕು. ಇಂಗಾಲದ ಡೈ ಆಕ್ಸೈಡ್ ನಂದಕಕ್ಕೆ ಮುಳ್ಳಿರುವುದಿಲ್ಲ, ಅದನ್ನು ತೂಗಿಯೇ ತಿಳಿಯಬೇಕು. ಎಲ್ಲಿ ನಿಂತರೂ ಸುಮಾರು 15 ಮೀಟರಿನೊಳಗೆ ನಂದಕ ಸಿಗಬೇಕೆಂಬುದು ಭಾರತೀಯ ಮಾನಕದ ಸೂಚನೆ. ಪಿನ್ನು ಕೀಳುವುದು, ಬೆಂಕಿಯ ಬುಡಕ್ಕೆ ಗುರಿ ಹಿಡಿಯುವುದು, ಹಿಡಿ ಅದುಮುವುದು, ಅತ್ತಿತ್ತ ಬೀಸುವುದು – ಇಷ್ಟೇ ವಿದ್ಯೆ. ಬೆಂಕಿ ದೊಡ್ಡದಾದರೆ ವಿದ್ಯೆ ತೋರಿಸದೆ ಹೊರಗೆ ಬಂದು 101ಕ್ಕೋ 112ಕ್ಕೋ ಕರೆ ಮಾಡಬೇಕು.

ಕಾನೂನು ಎಲ್ಲರನ್ನೂ ಕಾಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. 1948ರ ಕಾಯಿದೆಯಲ್ಲಿ, ವಿದ್ಯುತ್ ಬಳಸುವ ಕಡೆ 10 ಮಂದಿ ದುಡಿದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿತು. ಎಂಟು ಯಂತ್ರಗಳ ನನ್ನ ಶಿಷ್ಯನ ಘಟಕ ಎರಡಕ್ಕೂ ಹೊರಗೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕಾಯಬೇಕಾದದ್ದು ಅವನ ಮನಸ್ಸಾಕ್ಷಿ.

ಪೂಜೆಯ ದಿನ ಊಟವಾದ ಮೇಲೆ ಅವನನ್ನು ಪಕ್ಕಕ್ಕೆ ಕರೆದೆ. ತೋಳು ಸುಟ್ಟುಕೊಂಡ ಹುಡುಗ ಇವನ ಸಹಪಾಠಿ. “ಅವತ್ತು ನಾನೂ ಅಲ್ಲೇ ಇದ್ದೆ ಸಾರ್, ಗೋಣಿಚೀಲ ನೆನಪೈತಿ,” ಎಂದ. ಬಕೆಟ್ಟುಗಳು ಅವನಿಗೆ ನೆನಪಿರಲಿಲ್ಲ. ನಾನು ಆ ಪುಸ್ತಕದ ವಿಷಯವನ್ನೂ ನನ್ನ ಸಹಿಯನ್ನೂ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, “ಬರ್ರಿ ಸಾರ್,” ಎಂದು ಒಳಗೆ ಹೋಗಿ, ಹುಡುಗರನ್ನು ಕರೆದು ಗಂಟುಗಳನ್ನು ಸರಿಸಿ, ಸಿಲಿಂಡರನ್ನು ಬಾಗಿಲ ಪಕ್ಕಕ್ಕೆ ತಂದು ತೂಗುಹಾಕಿದ. ಹಿಂಬಾಗಿಲ ಬೀಗವನ್ನು ತೆಗೆದು ಒಳಗಿನಿಂದ ಅಗುಳಿ ಮಾತ್ರ ಹಾಕಿದ.

ಓದುಗ ಮಿತ್ರರೇ, ಈ ದಿನ ನಿಮ್ಮ ಅಂಗಡಿಯಲ್ಲೋ ಕಚೇರಿಯಲ್ಲೋ ಇರುವ ಕೆಂಪು ಬಕೆಟ್ಟಿನ ಹತ್ತಿರ ಒಮ್ಮೆ ಎದ್ದು ಹೋಗಿ ನೋಡಿ. ಸಹಿಯನ್ನು ಆಮೇಲೆ ಹಾಕಬಹುದು.